ಹನೋಯ್ ನೋಡಲು ಲೋಕಲ್ ಗೈಡ್ ಬೇಕಾ, ಮ್ಯಾಪ್ ಸಾಕಾ?

ಗೆಳತಿ ಜೊತೆ ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೊರಟಿದ್ದೀರಿ, ನೋಡಬೇಕಾದ ಜಾಗಗಳ ಪಟ್ಟಿ ರೆಡಿ ಇದೆ, ಊರು ತೋರಿಸುವ ಕಾಲೇಜು ಹುಡುಗರನ್ನು ಕರೆದುಕೊಂಡರೆ ಪಟ್ಟಿ ಬೇಗ ಮುಗಿಯುತ್ತಾ ಅಂತ ಕೇಳಿದ್ದೀರಿ. ನಾನೂ ನನ್ನ ಗೆಳತಿಯೂ ಇದೇ ಲೆಕ್ಕದಲ್ಲಿ ಹೋದವರು.

ನಮಗೆ ಸಿಕ್ಕಿದ್ದು ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಂಗ್ಲಿಷ್ ರೂಢಿ ಆಗಲಿ ಅಂತ ಪ್ರವಾಸಿಗರ ಜೊತೆ ಓಡಾಡುತ್ತಾರೆ. ಫೀಸು ಇಲ್ಲ, ಅವರ ಟಿಕೆಟ್, ಊಟ, ಟ್ಯಾಕ್ಸಿ ನಮ್ಮದು. ಮಧ್ಯಾಹ್ನದ ಮೇಲೆ ಅವರಿಗೆ ಕ್ಲಾಸು. ನಾವು ಮಾಡಿದ ತಪ್ಪು ಅಂದರೆ ಗಂಟೆ ಲೆಕ್ಕದ ಪಟ್ಟಿಯನ್ನು ಮೊದಲೇ ಕಳಿಸಿದ್ದು. ಎಂಟಕ್ಕೆ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಸಮಾಧಿ, ಹತ್ತಕ್ಕೆ ಕನ್ಫ್ಯೂಷಿಯಸ್‌ನ ಹೆಸರಿನ ಸಾಹಿತ್ಯ ದೇಗುಲ, ಹನ್ನೊಂದಕ್ಕೆ ಈಗ ಮ್ಯೂಸಿಯಂ ಆಗಿರುವ ಹೊವಾ ಲೊ ಜೈಲು. ಸಮಾಧಿಯ ಒಳಗೆ ಮಾತಾಡುವಂತಿಲ್ಲ, ನಿಲ್ಲುವಂತಿಲ್ಲ. ಅಲ್ಲಿ ಗೈಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜೈಲಿನಲ್ಲಿ ಇಂಗ್ಲಿಷ್ ಬೋರ್ಡುಗಳಿವೆ. ಅಂದರೆ ಇಬ್ಬರು ಮನುಷ್ಯರ ಒಂದು ಇಡೀ ಬೆಳಗ್ಗೆಯನ್ನು ಅವರ ಅಗತ್ಯವೇ ಇಲ್ಲದ ಜಾಗಗಳಿಗೆ ಬರೆದುಕೊಟ್ಟಿದ್ದೆವು. ಅವರು ಬೇರೆ ಕಡೆ ಹೋಗೋಣ ಅಂತಲೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಮನೆಗೆ ಬಂದವರು ಇಷ್ಟು ನೀಟಾಗಿ ಬರೆದು ಕಳಿಸಿದ್ದಾರೆ, ಇವರಿಗೆ ಇದೇ ಬೇಕೇನೋ ಅಂತ ಸುಮ್ನೆ ನಮ್ಮ ಹಿಂದೆ ಬಂದರು.

ಸಾಹಿತ್ಯ ದೇಗುಲ ಕಟ್ಟಿದ್ದು 1070ರಲ್ಲಿ. ಅಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳಿವೆ, ರಾಜರ ಕಾಲದ ದೊಡ್ಡ ಪರೀಕ್ಷೆ ಪಾಸಾದವರ ಹೆಸರು ಕೆತ್ತಿದ್ದಾರೆ. ಪರೀಕ್ಷೆಗೆ ಮುಂಚೆ ಮಕ್ಕಳು ಬಂದು ಆಮೆ ತಲೆ ಸವರುತ್ತಿದ್ದರಂತೆ, ತಲೆಗಳು ನುಣ್ಣಗಾಗಿವೆ, ಈಗ ಅಡ್ಡ ಕಟ್ಟಿದ್ದಾರೆ. ತಾನು ಪರೀಕ್ಷೆಗೆ ಮುಂಚೆ ಅಮ್ಮನ ಜೊತೆ ಬಂದಿದ್ದನ್ನು ಆ ಹುಡುಗಿ ಹೇಳಲು ಶುರು ಮಾಡಿದಳು. ನಾವು ಟೈಮ್ ಆಯ್ತು ಅಂತ ಹೊರಡಿಸಿದೆವು. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಹೊರಗೆ ಬರುವಾಗ ನನ್ನ ಗೆಳತಿಯ ಚಪ್ಪಲಿ ಕಿತ್ತುಹೋಯಿತು. ಜೈಲು ನೋಡುವುದನ್ನು ಬಿಟ್ಟು ಹಳೇ ಪೇಟೆಗೆ ಹೋದೆವು. ನಮ್ಮ ಅಕ್ಕಿಪೇಟೆ, ಅರಳೆಪೇಟೆ ಇದ್ದ ಹಾಗೆ ಅಲ್ಲೂ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಹಾಂಗ್ ಥಿಯೆಕ್‌ನಲ್ಲಿ ಫುಟ್‌ಪಾತ್ ಮೇಲೇ ಕೂತು ತಗಡು ಬಡಿಯುತ್ತಾರೆ, ಆ ಸದ್ದಿಗೆ ಪಕ್ಕದವರ ಮಾತೂ ಕೇಳಿಸಲ್ಲ. ಹಾಂಗ್ ಮಾದಲ್ಲಿ ಬರೀ ಕಾಗದ. ಸತ್ತ ಹಿರಿಯರಿಗೆ ಸುಟ್ಟು ಮುಟ್ಟಿಸಲು ಕಾಗದದ ಬಟ್ಟೆ, ಕಾಗದದ ದುಡ್ಡು, ಕಾಗದದ ಮೊಬೈಲ್ ಕೂಡ. ಹಾಂಗ್ ಝೌ (Hàng Dầu) ಈಗ ಚಪ್ಪಲಿ ಬೀದಿ, ಅಲ್ಲಿ ಹುಡುಗಿಯೇ ಮುಂದೆ ನಿಂತು ಚೌಕಾಸಿ ಮಾಡಿದಳು. ಆಮೇಲೆ ಹುಡುಗ ಎರಡು ಅಂಗಡಿಗಳ ನಡುವಿನ ಸಂದಿಗೆ ನುಗ್ಗಿದ. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಅಷ್ಟು ಕಿರಿದು. ಒಳಗೆ ಅಂಗಳ, ಸುತ್ತ ನಾಲ್ಕೈದು ಸಂಸಾರ, ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ಒಬ್ಬರು ಅಜ್ಜಿ. ಅವರನ್ನು ಕೇಳಿಯೇ ಒಳಗೆ ಕರೆದ. ಈ ಸಂದಿ ಯಾವ ಮ್ಯಾಪಿನಲ್ಲಿ ಸಿಗುತ್ತದೆ ಹೇಳಿ? ಅಷ್ಟರಲ್ಲಿ ಅವರ ಕ್ಲಾಸಿನ ಹೊತ್ತಾಯಿತು.

ಹಾಗಾಗಿ ಗೈಡಾ ಮ್ಯಾಪಾ ಅನ್ನುವ ಪ್ರಶ್ನೆಯನ್ನೇ ಬಿಡಿ, ಪಟ್ಟಿ ಬೇಗ ಮುಗಿಸಲು ಅವರನ್ನು ಕರೆಯಲೇಬೇಡಿ. ಸಮಾಧಿಗೆ ನೀವಿಬ್ಬರೇ ಹೋಗಿ. ಬೆಳಗ್ಗೆ ಮಾತ್ರ ತೆರೆದಿರುತ್ತದೆ, ಸೋಮವಾರ, ಶುಕ್ರವಾರ ರಜೆ, ಮಂಡಿ ಮುಚ್ಚುವ ಬಟ್ಟೆ ಇರಲಿ. ಅವರ ಜೊತೆ ಸಾಹಿತ್ಯ ದೇಗುಲ ಒಂದನ್ನೇ ನಿಧಾನವಾಗಿ ನೋಡಿ. ಆಮೇಲೆ ‘ಕ್ಲಾಸು ಮುಗಿದ ಮೇಲೆ ನೀವು ಎಲ್ಲಿಗೆ ಹೋಗುತ್ತೀರೋ ಅಲ್ಲಿಗೇ ನಮ್ಮನ್ನೂ ಕರೆದುಕೊಂಡು ಹೋಗಿ’ ಅಂತ ಅವರಿಗೆ ಹೇಳಿ.

ಗೆಳತಿ ಸಸ್ಯಾಹಾರಿ ಅಂದಿದ್ದೀರಿ. ಮಾಂಸ ಬೇಡ ಅಂದರೆ ಸಾಲಲ್ಲ, ಮೀನಿನ ಸಾಸು, ಮೂಳೆ ಬೇಯಿಸಿದ ಸಾರು ಎರಡೂ ಬೇಡ ಅಂತ ಅವರಿಗೆ ಬಿಡಿಸಿ ಹೇಳಿ, ಅಂಗಡಿಯವರ ಹತ್ತಿರ ಅವರು ಮಾತಾಡುತ್ತಾರೆ. ಅಲ್ಲಿನ ಮೊಟ್ಟೆ ಕಾಫಿ 1946ರಲ್ಲಿ ಹಾಲಿನ ಅಭಾವ ಇದ್ದಾಗ ಹುಟ್ಟಿದ್ದು, ಮೇಲಿನ ನೊರೆ ಮೊಟ್ಟೆಯ ಹಳದಿ ಲೋಳೆ ಕಡೆದು ಮಾಡಿದ್ದು. ಮೊಟ್ಟೆ ತಿನ್ನದವರಿಗೆ ತೆಂಗಿನ ಹಾಲಿನ ಕಾಫಿ ಸಿಗುತ್ತದೆ. ಅಲ್ಲಿಯ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಊರಿನ ಎಷ್ಟೋ ಜನ ಸಸ್ಯಾಹಾರ ಮಾಡುತ್ತಾರೆ, ಆ ದಿನ ನೀವು ಅಲ್ಲಿದ್ದರೆ ಊಟಕ್ಕೆ ಸ್ವಲ್ಪ ಬೇಗ ಹೋಗಿ, ರಶ್ ಜಾಸ್ತಿ.