ಓದುಗರ ಪ್ರಶ್ನೆ: ಬಟ್ಟಲಿನ ಜಲತರಂಗ, ಕರಟದ ಏಕತಾರಿ

ಪ್ರಶ್ನೆ: ಶಾಲೆಯಲ್ಲಿ ಏಳು ಗಾಜಿನ ಲೋಟ ಜೋಡಿಸಿ ಮಕ್ಕಳಿಂದ ಜಲತರಂಗ ಮಾಡಿಸಿದೆ. ಅರ್ಧ ಲೋಟ ನೀರು ಸುರಿದರೂ ಸ್ವರ ಬದಲಾಗುವುದಿಲ್ಲ, ಸದ್ದೂ ಮಂಕು. ಎಲ್ಲಿ ತಪ್ಪಿದೆ?

ಉತ್ತರ: ಬಡಿದಾಗ ಹೆಚ್ಚು ಅದುರುವುದು ಲೋಟದ ಬಾಯಂಚು. ತಳ ಅಷ್ಟಾಗಿ ಅದುರದ ಕಾರಣ ಅಲ್ಲಿ ನಿಂತ ನೀರು ಸ್ವರವನ್ನು ಮುಟ್ಟುವುದಿಲ್ಲ. ಅರ್ಧ ದಾಟಿದ ಮೇಲೆ ಚಮಚ ಚಮಚಕ್ಕೂ ಸ್ವರ ಇಳಿಯುತ್ತದೆ. ಆದರೂ ಒಂದೇ ಅಳತೆಯ ಲೋಟಗಳಿಂದ ಇಡೀ ಸಪ್ತಕ ಹೊರಡಿಸುವುದು ಕಷ್ಟ. ಜಲತರಂಗ ನುಡಿಸುವವರು ಬೇರೆ ಬೇರೆ ಗಾತ್ರದ ಪಿಂಗಾಣಿ ಬಟ್ಟಲು ಇಟ್ಟುಕೊಳ್ಳುವುದು ಇದಕ್ಕೇ. ನೀರಿನಿಂದ ಶ್ರುತಿ ತಿದ್ದಿಕೊಳ್ಳುತ್ತಾರೆ.

ಏಳು ಸ್ವರದ ಹಟ ಬಿಡಿ. ಸ ರಿ ಗ ಪ ದ, ಮೇಲಿನ ಸ: ಆರು ಬಟ್ಟಲು ಸಾಕು, ಮೋಹನ ರಾಗ ಸಿದ್ಧ. ಮಕ್ಕಳು ಎಲ್ಲಿಂದ ಎಲ್ಲಿಗೆ ಹಾರಿದರೂ ಕಿವಿಗೆ ಚುಚ್ಚುವುದಿಲ್ಲ. ಮನೆಮನೆಯಿಂದ ಪಿಂಗಾಣಿ ಬಟ್ಟಲು ತರಿಸಿ, ಖಾಲಿ ಇರುವಾಗಲೇ ಬಡಿದು ಆರಿಸಿ. ಖಾಲಿ ಬಟ್ಟಲಿನ ಸ್ವರ ಬೇಕಾದ್ದಕ್ಕಿಂತ ತುಸು ಮೇಲಿರಬೇಕು. ನೀರು ಅದನ್ನು ಇಳಿಸೀತೇ ಹೊರತು ಏರಿಸದು. ‘ಟಪ್’ ಎಂದರೆ ಬಿರುಕಿದೆ, ಬದಿಗಿಡಿ.

ಮಂಕಿಗೆ ಕಾರಣ ಮೂರು: ಒಂದಕ್ಕೊಂದು ತಾಗಿರುವುದು, ಬರಿ ಮೇಜಿನ ಮೇಲಿಟ್ಟಿರುವುದು, ಆಗತಾನೇ ಹಿಡಿದ ನೀರಿನ ಗುಳ್ಳೆ. ಮಡಿಸಿದ ಟವೆಲ್ ಮೇಲೆ ಎರಡು ಬೆರಳು ಅಂತರ ಬಿಟ್ಟು ಇಡಿ, ನೀರು ಅರ್ಧ ಗಂಟೆ ತಂಗಲಿ. ಬಿದಿರುಕಡ್ಡಿಯಿಂದ ಅಂಚಿಗೆ ತಟ್ಟಿದ ಕೂಡಲೇ ಕಡ್ಡಿ ಪುಟಿದು ಬರಬೇಕು.

ಜೊತೆಗೊಂದು ಖಾಲಿ ಸೀಸೆಯೂ ಇರಲಿ. ಅದರ ಬಾಯಿಗೆ ಅಡ್ಡಲಾಗಿ ಊದಿದರೆ ಎಲ್ಲ ತಿರುಗುಮುರುಗು: ನೀರು ಹೆಚ್ಚಿದಷ್ಟೂ ಸ್ವರ ಏರುತ್ತದೆ, ಏಕೆಂದರೆ ಅಲ್ಲಿ ಅದುರುವುದು ಒಳಗಿನ ಗಾಳಿ. ಮಕ್ಕಳೇ ಇದನ್ನು ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಪ್ರಶ್ನೆ: ಕರಟಕ್ಕೆ ಬಲೂನು ಬಿಗಿದು ಏಕತಾರಿ ಮಾಡಿದೆವು. ಮೀಟಿದರೆ ಸೊಳ್ಳೆಯ ಸದ್ದು. ಏನು ಮಾಡಲಿ?

ಉತ್ತರ: ತಂತಿಯ ಕೆಳಗೆ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ, ಇದೆಯೇ? ತಂತಿಯ ಅದುರು ಹೊದಿಕೆಗೆ ಇಳಿಯುವುದು ಅದರ ಮೂಲಕವೇ. ಐಸ್‌ಕ್ರೀಮ್ ಕಡ್ಡಿಯ 2 ಸೆಂ.ಮೀ. ತುಂಡನ್ನು ಹೊದಿಕೆಯ ಮೇಲೆ, ತುಂಡಿನ ಅಂಚು ಊರುವಂತೆ ನಿಲ್ಲಿಸಿದರೆ ಆಯಿತು. ಬಲೂನು ಮಾತ್ರ ಬೇಡ. ಕುದುರೆಯ ಭಾರಕ್ಕೆ ಕುಸಿದು ಸದ್ದು ನುಂಗುತ್ತದೆ.

ಕಣ್ಣಿರುವ ಹೋಳನ್ನೇ ತೆಗೆದುಕೊಳ್ಳಿ. ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಮೊಳೆಯಿಂದ ಚುಚ್ಚಿದರೆ ನಾದಕ್ಕೆ ದಾರಿ. ಅಂಚನ್ನು ಒರಟು ಕಲ್ಲಿಗೆ ಉಜ್ಜಿ ಸಮ ಮಾಡಿ. ಅಂಚಿನಿಂದ ಬೆರಳಗಲ ಕೆಳಗೆ ಎದುರುಬದುರಾಗಿ ಎರಡು ತೂತು ಕೊರೆದು (ಇದು ದೊಡ್ಡವರ ಕೆಲಸ) 60 ಸೆಂ.ಮೀ. ಬಿದಿರುಕೋಲು ತೂರಿಸಿ, ಕೋಲು ಬಾಗಿದರೆ ಶ್ರುತಿ ನಿಲ್ಲದು. ಆಮೇಲೆ ಬ್ರೌನ್ ಪೇಪರನ್ನು ಒದ್ದೆ ಮಾಡಿ, ಮೈದಾ ಅಂಟಿನಿಂದ ಬಾಯಿಗೆ ಎರಡು ಪದರ ಅಂಟಿಸಿ. ಕೋಲು ಅಡ್ಡ ಬಂದಲ್ಲಿ ಪೇಪರನ್ನು ಸೀಳಿ, ಉಳಿದೆಡೆ 2 ಸೆಂ.ಮೀ. ಹೊರಮೈಗೆ ಇಳಿಸಿ. ರಾತ್ರಿಯಿಡೀ ನೆರಳಲ್ಲಿ ಒಣಗಿದರೆ ಅದೇ ಬಿಗಿದುಕೊಳ್ಳುತ್ತದೆ. ಬಿಸಿಲಿಗಿಟ್ಟರೆ ಅಂಚು ಕಿತ್ತು ಬರುತ್ತದೆ.

ತಂತಿಗೆ ಅರ್ಧ ಮಿ.ಮೀ. ನೈಲಾನ್ ಗಾಳದ ದಾರ. ಕೋಲಿನ ಕೆಳತುದಿಗೆ ಕಟ್ಟಿ, ಕುದುರೆಯ ಮೇಲೆ ಹಾಯಿಸಿ, ಮೇಲ್ತುದಿಯ ಬಿರಡೆಗೆ (ತಂತಿ ಬಿಗಿಸುವ ಗೂಟ) ಸುತ್ತಿ. ಉಕ್ಕಿನ ತಂತಿ ಬೇಡ. ಹರಿದರೆ ನೇರ ಕಣ್ಣಿಗೆ ಚಿಮ್ಮೀತು. ಮಳೆಗಾಲದಲ್ಲಿ ಪೇಪರ್ ಸಡಿಲಾದರೆ ಒಲೆಯಿಂದ ದೂರ ಹಿಡಿದು ಬೆಚ್ಚಗೆ ಮಾಡಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ಗಿಲಕಿ?

ಉತ್ತರ: ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ರಾಗಿ. ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಕಾಳಿಗೆ ಓಡಾಡಲು ಜಾಗವಿಲ್ಲದೆ ಸದ್ದು ಸಾಯುತ್ತದೆ. ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಿ ಒಂದು ದಿನ ಒಣಗಿಸಿಯೇ ಮಗುವಿನ ಕೈಗೆ ಕೊಡಿ.