ಈ ಶತಮಾನದ ‘ಶ್ರೇಷ್ಠ’ ಸಿನಿಮಾಗಳನ್ನು ಯಾವುದರಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: 21ನೇ ಶತಮಾನದ ಅತ್ಯುತ್ತಮ ಚಿತ್ರಗಳ ಪಟ್ಟಿಯೊಂದನ್ನು ಹಿಡಿದು, ಮೊದಲ ಸ್ಥಾನದಲ್ಲಿದ್ದ ‘ಮಲ್ಹಾಲ್ಯಾಂಡ್ ಡ್ರೈವ್’ ಹಾಕಿದಿರಿ. ತಲೆಬುಡ ಗೊತ್ತಾಗದೆ ಅರ್ಧಕ್ಕೆ ಬಿಟ್ಟಿರಿ. ಇಂಗ್ಲಿಷ್ ಸಬ್‌ಟೈಟಲ್ ಓದುವುದು ನಿಮಗೆ ಸ್ವಲ್ಪ ನಿಧಾನ. ಹಾಗಿದ್ದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಆ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಈ ಪಟ್ಟಿಗಳು ಹೇಗೆ ತಯಾರಾಗುತ್ತವೆ ಅನ್ನೋದು ಗೊತ್ತಿರಲಿ. ನೀವು ನೋಡಿದ್ದು ಬಹುಶಃ ಬಿಬಿಸಿಯ 2016ರ ಪಟ್ಟಿ. ಅದಕ್ಕೆ ಮತ ಹಾಕಿದವರು 36 ದೇಶಗಳ 177 ವಿಮರ್ಶಕರು. ‘ಮಲ್ಹಾಲ್ಯಾಂಡ್ ಡ್ರೈವ್’ ಮೊದಲು, ‘ಇನ್ ದ ಮೂಡ್ ಫಾರ್ ಲವ್’ ಎರಡನೆಯದು, ‘ದೇರ್ ವಿಲ್ ಬಿ ಬ್ಲಡ್’ ಮೂರು, ‘ಸ್ಪಿರಿಟೆಡ್ ಅವೇ’ ನಾಲ್ಕು. ನಮ್ಮ ದೇಶದ ಒಂದು ಚಿತ್ರವೂ ಆ ನೂರರಲ್ಲಿಲ್ಲ. 2025ರಲ್ಲಿ ನ್ಯೂಯಾರ್ಕ್ ಟೈಮ್ಸ್ ಐನೂರಕ್ಕೂ ಹೆಚ್ಚು ನಿರ್ದೇಶಕರು, ನಟರು, ಚಿತ್ರರಂಗದ ಇತರರನ್ನು ಕೇಳಿದಾಗ ‘ಪ್ಯಾರಸೈಟ್’ ಮೇಲೆ ಬಂತು, ‘ಮಲ್ಹಾಲ್ಯಾಂಡ್’ ಎರಡಕ್ಕೆ ಇಳಿಯಿತು. ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಎಲ್ಲ ಕಾಲದ ಚಿತ್ರಗಳ ಮತದಾನ ನಡೆಸುತ್ತದೆ. ಅದರಲ್ಲಿ ಒಬ್ಬೊಬ್ಬರೂ ಹತ್ತು ಹೆಸರು ಕೊಡಬೇಕು, ಆ ಹತ್ತರೊಳಗೆ ಮೇಲೆ ಕೆಳಗೆ ಎಂಬ ಲೆಕ್ಕವಿಲ್ಲ, ಒಂದು ಹೆಸರಿಗೆ ಒಂದು ಮತ. ಅಂದರೆ ಹೆಚ್ಚು ಜನರ ಹತ್ತರ ಚೀಟಿಯಲ್ಲಿ ಇದ್ದ ಚಿತ್ರ ಮೇಲೇರುತ್ತದೆ. ಮತ ಹಾಕುವವರು ಸಾವಿರಗಟ್ಟಲೆ ಸಿನಿಮಾ ನೋಡಿ ಪಳಗಿದವರು, ಸಾಮಾನ್ಯ ಕಥೆ ಹೇಳುವ ರೀತಿ ನೋಡಿ ನೋಡಿ ಬೇಸತ್ತವರು. ಅವರ ಒಂದನೆಯ ಸ್ಥಾನ ಹೊಸಬರಿಗೆ ಮೊದಲ ಪಾಠವಾಗಬೇಕಿಲ್ಲ.

ಸಬ್‌ಟೈಟಲ್ ನಿಧಾನ ಅಂದಿರಲ್ಲ, ನಿಮ್ಮ ಕ್ರಮವನ್ನು ನಿರ್ಧರಿಸಬೇಕಾದ್ದೇ ಅದು. ನೆಟ್‌ಫ್ಲಿಕ್ಸ್‌ನ ನಿಯಮದಂತೆ ಇಂಗ್ಲಿಷ್ ಸಬ್‌ಟೈಟಲ್ ಹೆಚ್ಚೆಂದರೆ ಎರಡು ಸಾಲು, ಸಾಲಿಗೆ 42 ಅಕ್ಷರ, ಪರದೆಯ ಮೇಲೆ ಹೆಚ್ಚೆಂದರೆ 7 ಸೆಕೆಂಡ್. ಮಾತಿನ ಮಲ್ಲರ ಸಿನಿಮಾದಲ್ಲಿ ಎರಡು ಸಾಲು ತುಂಬಿ ಬಂದು ಎರಡು ಮೂರು ಸೆಕೆಂಡಿಗೆ ಹೋಗಿಬಿಡುತ್ತವೆ. ಓದುತ್ತ ಕೂತರೆ ಮುಖ ನೋಡಲಾಗದು, ಮುಖ ನೋಡಿದರೆ ಮಾತು ತಪ್ಪುತ್ತದೆ. ಆದ್ದರಿಂದ ಮಾತು ಕಡಿಮೆ ಇರುವ ಚಿತ್ರದಿಂದ ಮಾತು ಜಾಸ್ತಿ ಇರುವ ಚಿತ್ರದ ಕಡೆಗೆ ಹೋಗಿ. ಇದೇ ಕಾರಣಕ್ಕೆ ‘ಸಿಟಿ ಆಫ್ ಗಾಡ್’ (2002) ಎಷ್ಟೇ ರೋಚಕವಾಗಿದ್ದರೂ ಈಗ ಬೇಡ. ನಿರೂಪಕ ಒಂದೇ ಸಮನೆ ಮಾತಾಡುತ್ತಾನೆ, ದೃಶ್ಯದಿಂದ ದೃಶ್ಯಕ್ಕೆ ಕತ್ತರಿಸುವುದು ಕೂಡ ಅಷ್ಟೇ ವೇಗ.

ಮೊದಲ ಚಿತ್ರ ಹಾಕುವ ಮುಂಚೆ ಟಿವಿಯ ಸೆಟ್ಟಿಂಗ್ ಸರಿಮಾಡಿ. ಇದನ್ನು ಬಿಟ್ಟವರೇ ಹೆಚ್ಚು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಓಡುತ್ತದೆ. ಹೊಸ ಟಿವಿಗಳು ಮಧ್ಯೆ ಮಧ್ಯೆ ತಾವೇ ಫ್ರೇಮ್ ಹುಟ್ಟಿಸಿ ತುರುಕುತ್ತವೆ. ಕ್ರಿಕೆಟ್‌ಗೆ ಅದು ಚೆನ್ನ, ಸಿನಿಮಾ ಮಾತ್ರ ಸೀರಿಯಲ್ ಥರ ಕಾಣತೊಡಗುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ. ಅದನ್ನು ಆಫ್ ಮಾಡಿ. ಪಿಕ್ಚರ್ ಮೋಡ್ ‘ವಿವಿಡ್’ ಅಥವಾ ‘ಡೈನಾಮಿಕ್’ನಲ್ಲಿದ್ದರೆ ‘ಸಿನಿಮಾ’ಗೋ ‘ಫಿಲ್ಮ್‌ಮೇಕರ್ ಮೋಡ್’ಗೋ ಬದಲಿಸಿ. ಮೊದಲ ಹತ್ತು ನಿಮಿಷ ಚಿತ್ರ ಹಳದಿ, ಮಂಕು ಅನ್ನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಕಪ್ಪು ಪಟ್ಟಿ ಬರುತ್ತದೆಂದು ಝೂಮ್ ಮಾಡಬೇಡಿ, ಚಿತ್ರದ ಅಂಚು ಹೋಗುವುದರ ಜೊತೆಗೆ ಎಷ್ಟೋ ಸಲ ಸಬ್‌ಟೈಟಲ್‌ನ ಕೆಳಸಾಲೂ ಹೋಗುತ್ತದೆ.

ಶುರು ಮಾಡುವುದು ‘ಸ್ಪಿರಿಟೆಡ್ ಅವೇ’ಯಿಂದ (2001). ಹಯಾವೊ ಮಿಯಾಝಾಕಿಯ ಅನಿಮೇಷನ್, ಸುಮಾರು 125 ನಿಮಿಷ. 2002ರ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ‘ಚಿನ್ನದ ಕರಡಿ’ಯನ್ನು ಹಂಚಿಕೊಂಡ ಚಿತ್ರ, ಮರುವರ್ಷ ಆಸ್ಕರ್. ಮಕ್ಕಳ ಜೊತೆ ನೋಡಬಹುದು, ಆದರೆ ಅಪ್ಪ ಅಮ್ಮ ಹಂದಿಗಳಾಗುವ ದೃಶ್ಯಕ್ಕೆ ತೀರಾ ಚಿಕ್ಕವರು ಅಳಬಹುದು. ಆಡಿಯೊ ಜಪಾನೀಸ್‌ಗೆ ಇಡಿ. ಆಮೇಲೆ ಸಬ್‌ಟೈಟಲ್ ಪಟ್ಟಿಯಲ್ಲಿ ‘ಇಂಗ್ಲಿಷ್’ ಮತ್ತು ‘ಇಂಗ್ಲಿಷ್ ಸಿಸಿ’ ಎರಡೂ ಇದ್ದರೆ ಬರೀ ‘ಇಂಗ್ಲಿಷ್’ ಆರಿಸಿ. ಸಿಸಿ ಅನ್ನುವುದು ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿಂಗ್‌ನ ಮಾತುಗಳ ಬರಹ. ಡಬ್ ಮಾಡಿದವರು ಮೂಲದಲ್ಲಿ ಮೌನ ಇದ್ದ ಕಡೆಗಳಲ್ಲಿ ವಿವರಣೆಯ ಮಾತು ಸೇರಿಸಿದ್ದಾರೆ. ತೆರೆಯ ಮೇಲೆ ಯಾರ ಬಾಯಿಯೂ ಆಡದಿರುವಾಗ ಕೆಳಗೆ ಮಾತು ಬಂತೆಂದರೆ ತಪ್ಪು ಟ್ರ್ಯಾಕ್ ಹಾಕಿದ್ದೀರಿ ಅಂತಲೇ ಲೆಕ್ಕ.

ಸಬ್‌ಟೈಟಲ್ ಹೇಳಲಾರದ ಒಂದು ಸಂಗತಿ ಇದರಲ್ಲಿದೆ. ಹುಡುಗಿ ಚಿಹಿರೊ ಕರಾರುಪತ್ರಕ್ಕೆ ಸಹಿ ಹಾಕಿದ ಮೇಲೆ, ಮಾಟಗಾತಿ ಯುಬಾಬಾ ಕಾಗದದ ಮೇಲಿನ ಅಕ್ಷರಗಳನ್ನು ಗಾಳಿಗೆಬ್ಬಿಸಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಉಳಿಯುವುದು ಒಂದೇ ಅಕ್ಷರ. ಹೆಸರಿನೊಳಗೆ ಇದ್ದಾಗ ಅದನ್ನು ‘ಚಿ’ ಎಂದು ಓದುತ್ತಾರೆ, ಒಂಟಿಯಾಗಿ ನಿಂತರೆ ‘ಸೆನ್’, ಅಂದರೆ ಸಾವಿರ. ಹುಡುಗಿಯ ಹೊಸ ಹೆಸರು ಅದೇ. ಜಪಾನೀಯರಿಗೆ ಈ ಕಳವು ಕಣ್ಣಿಗೇ ಕಾಣುತ್ತದೆ, ನಮಗೆ ಗೊತ್ತಿದ್ದರೆ ಮಾತ್ರ.

ಎರಡನೆಯದು ‘ಇನ್ ದ ಮೂಡ್ ಫಾರ್ ಲವ್’ (2000). ಸಬ್‌ಟೈಟಲ್ ಭಯ ಹೋಗಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 98 ನಿಮಿಷ, ಬಹುಪಾಲು ಮೌನ, ನಡಿಗೆ, ಮಳೆ. ವಾಂಗ್ ಕಾರ್-ವಾಯ್ ನಿರ್ದೇಶನ, ನಾಯಕ ಟೋನಿ ಲ್ಯೂಂಗ್‌ಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. 1962ರ ಹಾಂಗ್‌ಕಾಂಗ್. ನಮ್ಮ ಹಳೇ ಬೆಂಗಳೂರಿನ, ಮೈಸೂರಿನ ವಠಾರ ಗೊತ್ತಿದ್ದವರಿಗೆ ಆ ಮನೆ ತಕ್ಷಣ ಅರ್ಥವಾಗುತ್ತದೆ. ಒಂದೊಂದು ಕೋಣೆ ಬಾಡಿಗೆಗೆ ಹಿಡಿದ ಸಂಸಾರಗಳು, ಕಿರಿದಾದ ಓಣಿ, ಯಾರು ಎಷ್ಟು ಹೊತ್ತಿಗೆ ಬಂದರು ಎಂದು ಲೆಕ್ಕವಿಡುವ ಮನೆ ಒಡತಿ, ರಾತ್ರಿಯಿಡೀ ಮಾಜಾಂಗ್ ಆಟ. ಪಕ್ಕಪಕ್ಕದ ಇಬ್ಬರು ತಂತಮ್ಮ ಸಂಗಾತಿಗಳಿಂದ ಮೋಸಹೋಗಿದ್ದಾರೆ. ಮೋಸ ಮಾಡಿದ ಆ ಇಬ್ಬರ ಮುಖವನ್ನು ಚಿತ್ರ ಒಮ್ಮೆಯೂ ತೋರಿಸುವುದಿಲ್ಲ, ಬೆನ್ನು, ದನಿ ಅಷ್ಟೇ.

ಗಮನಿಸಬೇಕಾದ ದೃಶ್ಯ: ಹೋಟೆಲಿನಲ್ಲಿ ಎದುರುಬದುರು ಕೂತ ಇಬ್ಬರ ಸಂಭಾಷಣೆ. ನಿಮ್ಮ ಹ್ಯಾಂಡ್‌ಬ್ಯಾಗ್ ಎಲ್ಲಿ ಕೊಂಡಿದ್ದು ಎಂದು ಅವನು ವಿಚಾರಿಸುತ್ತಾನೆ. ನಿಮ್ಮ ಟೈ ಎಲ್ಲಿಯದು ಎಂದು ಅವಳು. ಅವನ ಹೆಂಡತಿಯ ಬಳಿ ಅದೇ ಬ್ಯಾಗ್, ಅವಳ ಗಂಡನ ಬಳಿ ಅದೇ ಟೈ. ಯಾರೂ ದನಿ ಏರಿಸುವುದಿಲ್ಲ. ಇನ್ನು ಕಾಲ ಎಷ್ಟು ಕಳೆಯಿತು ಎಂದು ಚಿತ್ರ ಬಾಯಿಬಿಟ್ಟು ಹೇಳದು. ನಾಯಕಿ ಮ್ಯಾಗಿ ಚೆಯುಂಗ್ ತೊಟ್ಟ ಚೊಂಗ್‌ಸಾಮ್ (ಮೈಗಂಟುವ ಚೀನೀ ಉಡುಪು) ಬದಲಾದರೆ ದಿನ ಬದಲಾಯಿತು ಎಂದುಕೊಳ್ಳಿ. ಒಂದೇ ಸಂಗೀತ, ಅದೇ ಮೆಟ್ಟಿಲು, ಕೈಯಲ್ಲಿ ಅದೇ ನೂಡಲ್ಸ್ ಡಬ್ಬ, ಆದರೆ ಉಡುಪು ಬೇರೆ. ಇದನ್ನು ಹಿಡಿಯದವರು ‘ಅದೇ ದೃಶ್ಯ ಮತ್ತೆ ಮತ್ತೆ ಹಾಕಿದ್ದಾರೆ’ ಎಂದು ಗೊಣಗುವುದು. ಇಬ್ಬರೂ ‘ಅವರು ಹೇಗೆ ಶುರು ಮಾಡಿರಬಹುದು’ ಎಂದು ನಟಿಸಿ ನೋಡುವ ತಾಲೀಮಿನ ದೃಶ್ಯಗಳೂ ಇವೆ. ಯಾವುದು ತಾಲೀಮು, ಯಾವುದು ನಿಜ ಎಂದು ಅರೆಕ್ಷಣ ತಬ್ಬಿಬ್ಬಾಗುತ್ತೀರಿ. ಆಗಬೇಕಾದ್ದೇ ಅದು, ಹಿಂದಕ್ಕೆ ಓಡಿಸಬೇಡಿ.

ಒಂದು ಎಚ್ಚರ. ಈ ಚಿತ್ರದ 4ಕೆ ಆವೃತ್ತಿ ಬಂದಾಗ ಬಣ್ಣ ಬದಲಾಯಿತು, ಹಸಿರು ಛಾಯೆ ಹೆಚ್ಚಾಯಿತು. ನಿರ್ದೇಶಕರೇ ಒಪ್ಪಿದ ಆವೃತ್ತಿ ಅದು, ಆದರೂ ಹಳೆಯ ಬ್ಲೂರೇಯ ಕೆಂಪೇ ಚೆಂದ ಎನ್ನುವವರು ಬಹಳ. ನನ್ನ ಮತವೂ ಹಳೆಯದಕ್ಕೆ. ಸಿಕ್ಕದಿದ್ದರೆ ಹೊಸದನ್ನೇ ನೋಡಿ, ಅದಕ್ಕಾಗಿ ಕಾಯುತ್ತ ಕೂರುವಷ್ಟು ವ್ಯತ್ಯಾಸವೇನಲ್ಲ. ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.66:1, ಟಿವಿ ಪರದೆಗಿಂತ ಕಿರಿದು, ಆದ್ದರಿಂದ ಕಪ್ಪು ಪಟ್ಟಿ ಎಡಬಲದಲ್ಲಿ ಬರುತ್ತದೆ, ಟಿವಿ ಕೆಟ್ಟಿಲ್ಲ.

ಮೂರನೆಯದಾಗಿ ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೋ. ‘ಪ್ಯಾರಸೈಟ್’ (2019) ನೀವು ನೋಡಿಯೇ ಇರಬಹುದು, 132 ನಿಮಿಷ, ಎಲ್ಲೂ ನಿಲ್ಲದ ಕಥೆ. ಆಸ್ಕರ್‌ನ ಶ್ರೇಷ್ಠ ಚಿತ್ರ ಪ್ರಶಸ್ತಿ ಗೆದ್ದ ಮೊದಲ ಇಂಗ್ಲಿಷೇತರ ಚಿತ್ರ. ಅದರ ಸಬ್‌ಟೈಟಲ್ ಒಂದು ಜಾಣ ಕೆಲಸ ಎಂದಷ್ಟೇ ಹೇಳುತ್ತೇನೆ: ಎರಡು ಬಗೆಯ ಇನ್‌ಸ್ಟಂಟ್ ನೂಡಲ್ಸ್ ಬೆರೆಸಿದ ‘ಜಪಗೂರಿ’ ಇಂಗ್ಲಿಷಿನಲ್ಲಿ ‘ರಾಮ್-ಡಾನ್’ ಆಗಿದೆ, ಸೋಲ್ ನ್ಯಾಷನಲ್ ಯೂನಿವರ್ಸಿಟಿ ಆಕ್ಸ್‌ಫರ್ಡ್ ಆಗಿದೆ. ಸಿರಿವಂತರ ಮನೆಯಲ್ಲಿ ಆ ಅಗ್ಗದ ನೂಡಲ್ಸ್‌ಗೆ ದುಬಾರಿ ಗೋಮಾಂಸದ ತುಂಡು ಬೀಳುತ್ತದೆ. ಆ ಕುಟುಂಬದ ಬಗ್ಗೆ ಅಲ್ಲಿಗೆ ಎಲ್ಲ ಹೇಳಿದಂತಾಯಿತು.

ನೋಡಿದ್ದರೆ ಅದೇ ನಿರ್ದೇಶಕರ ‘ಮೆಮೊರೀಸ್ ಆಫ್ ಮರ್ಡರ್’ (2003) ಹಾಕಿ. ನನಗೆ ಕೇಳಿದರೆ ಎರಡರಲ್ಲಿ ಇದೇ ದೊಡ್ಡದು. ಕೊರಿಯಾದ ಹ್ವಾಸೊಂಗ್ ಸುತ್ತ 1986ರಿಂದ 91ರವರೆಗೆ ನಡೆದ ಸರಣಿ ಕೊಲೆಗಳ ಆಧಾರದ ಚಿತ್ರ. ತೆಗೆಯುವಾಗ ಕೊಲೆಗಾರ ಸಿಕ್ಕಿರಲಿಲ್ಲ. 2019ರಲ್ಲಿ ಡಿಎನ್‌ಎ ಮೂಲಕ ಗುರುತು ಸಿಕ್ಕಿತು. ಕೊನೆಯ ಶಾಟ್‌ನಲ್ಲಿ ಪತ್ತೇದಾರನ ಪಾತ್ರದ ಸಾಂಗ್ ಕಾಂಗ್-ಹೋ ನೇರವಾಗಿ ಕ್ಯಾಮೆರಾ ನೋಡುವುದು ಯಾಕೆ ಎಂಬುದಕ್ಕೆ ಇದು ತಿಳಿದಿದ್ದರೆ ಸಾಕು. ಮೊದಲ ಭಾಗದಲ್ಲಿ ಗದ್ದೆ ಬದಿಯ ಒಂದು ಉದ್ದನೆಯ ಶಾಟ್ ಇದೆ: ಪೊಲೀಸರು ಒಬ್ಬೊಬ್ಬರಾಗಿ ಬದುವಿನಿಂದ ಜಾರಿ ಬೀಳುತ್ತಾರೆ, ಇರುವ ಒಂದೇ ಹೆಜ್ಜೆ ಗುರುತಿನ ಮೇಲೆ ಟ್ರ್ಯಾಕ್ಟರ್ ಹರಿದುಹೋಗುತ್ತದೆ. ನಗು ಬರುತ್ತದೆ, ತನಿಖೆ ಅಲ್ಲಿಗೇ ಹಾಳಾಗಿರುತ್ತದೆ. ಇವೆರಡೂ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥವಲ್ಲ.

ಇಲ್ಲಿಂದ ಮುಂದೆ ಕನ್ನಡ ಚಿತ್ರಗಳನ್ನೇ ಮೆಟ್ಟಿಲಾಗಿಸಿಕೊಳ್ಳಬಹುದು. ‘ತಿಥಿ’ ನೋಡಿದ್ದೀರಾ? ಮಂಡ್ಯದ ಹಳ್ಳಿ, ನಟರಲ್ಲದ ಹಳ್ಳಿಯವರೇ ಪಾತ್ರಗಳು, ನೂರು ದಾಟಿದ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೇ ದಿನದ ತಿಥಿವರೆಗೆ ಮಗ, ಮೊಮ್ಮಗ, ಮರಿಮಗ ಒಬ್ಬೊಬ್ಬರದೂ ಒಂದೊಂದು ಗೋಳು. 2015ರ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆದ ಚಿತ್ರ. ಅದನ್ನು ಸವಿದಿದ್ದರೆ ಎಡ್ವರ್ಡ್ ಯಾಂಗ್ ಅವರ ‘ಯಿ ಯಿ’ (2000) ನಿಮಗೆ ಒಲಿಯುತ್ತದೆ. ತೈಪೆಯ ಮಧ್ಯಮ ವರ್ಗದ ಮನೆ, ಮದುವೆಯಿಂದ ಶುರುವಾಗಿ ಸಾವಿನ ಮನೆಯಲ್ಲಿ ಮುಗಿಯುತ್ತದೆ. ಅಜ್ಜಿಗೆ ಪ್ರಜ್ಞೆ ಇಲ್ಲ, ಮನೆಯವರು ಸರದಿಯಲ್ಲಿ ಅವರ ಜೊತೆ ಮಾತಾಡಬೇಕು ಎನ್ನುತ್ತಾರೆ ಡಾಕ್ಟರು. ದಿನವೂ ಹೇಳುವುದು ಅದೇ ಮಾತು, ತನ್ನ ಬದುಕಿನಲ್ಲಿ ಬೇರೇನೂ ಇಲ್ಲವಲ್ಲ ಎಂದು ಅಜ್ಜಿಯ ಮಗಳು ಅತ್ತುಬಿಡುತ್ತಾಳೆ. ಎಂಟು ವರ್ಷದ ಯಾಂಗ್-ಯಾಂಗ್ ಜನರ ತಲೆಯ ಹಿಂಭಾಗದ ಫೋಟೊ ತೆಗೆಯುತ್ತಾನೆ, ಯಾರಿಗೂ ತಮ್ಮ ಬೆನ್ನು ಕಾಣುವುದಿಲ್ಲ ಅಂತ.

ಇದು 173 ನಿಮಿಷ, ಇಂಟರ್‌ವಲ್ ಇಲ್ಲ. ನೀವೇ ಬಿಡುವು ತೆಗೆದುಕೊಳ್ಳುವುದಾದರೆ ಅಪ್ಪ ಎನ್‌ಜೆ ಜಪಾನಿಗೆ ಹೊರಡುವ ಮೊದಲು ತೆಗೆದುಕೊಳ್ಳಿ. ಅಲ್ಲಿ ಅವನು ಹಳೆಯ ಪ್ರೇಯಸಿಯ ಜೊತೆ ಅಡ್ಡಾಡುವುದು, ಇಲ್ಲಿ ಅವನ ಮಗಳು ಮೊದಲ ಸಲ ಹುಡುಗನ ಕೈ ಹಿಡಿಯುವುದು ಎರಡನ್ನೂ ಹೆಣೆದು ತೋರಿಸಿದ್ದಾರೆ, ನಡುವೆ ನಿಲ್ಲಿಸಿದರೆ ಎಳೆ ಕಡಿಯುತ್ತದೆ. ಫೋನಿನಲ್ಲಿ ನೋಡಬೇಡಿ. ಎಷ್ಟೋ ದೃಶ್ಯಗಳು ಗಾಜಿನಾಚೆಯಿಂದ ತೆಗೆದವು, ರಾತ್ರಿಯ ಊರಿನ ದೀಪಗಳು ಪಾತ್ರದ ಮೈಮೇಲೆ ಹರಿಯುತ್ತವೆ. ಆರಿಂಚಿನ ಪರದೆಯಲ್ಲಿ ಅದು ಬರೀ ಮಸುಕು.

‘ಉಳಿದವರು ಕಂಡಂತೆ’ (2014) ಇಷ್ಟಪಟ್ಟವರಿಗೆ ಅಸ್ಗರ್ ಫರ್ಹಾದಿಯ ‘ಎ ಸೆಪರೇಶನ್’ (2011). ಇರಾನಿಗೆ ಮೊದಲ ಆಸ್ಕರ್ ತಂದ ಚಿತ್ರ. ಮಾತಿನ ಮಳೆ, ಆದ್ದರಿಂದಲೇ ಇಷ್ಟು ಹಿಂದಕ್ಕೆ ಇಟ್ಟಿದ್ದು. ನಮ್ಮ ಚಿತ್ರದಲ್ಲಿ ಒಂದೇ ಘಟನೆಯನ್ನು ಒಬ್ಬೊಬ್ಬರೂ ಹೇಳುತ್ತಾರೆ. ಫರ್ಹಾದಿ ಹಾಗೆ ಮಾಡದೆ ಒಂದು ದೃಶ್ಯವನ್ನೇ ತಡೆಹಿಡಿಯುತ್ತಾನೆ. ಮನೆಯಿಂದ ತಪ್ಪಿಸಿಕೊಂಡ ಮರೆವಿನ ರೋಗದ ಮುದುಕನನ್ನು ಕೆಲಸದಾಕೆ ರಸ್ತೆಯಲ್ಲಿ ಹುಡುಕುವಾಗ ಚಿತ್ರ ಎಲ್ಲಿ ಕತ್ತರಿಸುತ್ತದೆ ಎಂದು ನೋಡಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಆ ಕತ್ತರಿಯೊಳಗಿದೆ. ಮುದುಕನ ಬಟ್ಟೆ ಬದಲಿಸಿದರೆ ಪಾಪವೇ ಎಂದು ಆಕೆ ಯಾರಿಗೋ ಫೋನ್ ಮಾಡಿ ಕೇಳುವ ಚಿಕ್ಕ ದೃಶ್ಯವನ್ನೂ ಬಿಡಬೇಡಿ, ಕೊನೆಯ ನಿರ್ಧಾರದ ಬೀಜ ಅಲ್ಲೇ ಬಿದ್ದಿರುತ್ತದೆ. ಸಬ್‌ಟೈಟಲ್ ತಪ್ಪಿದರೆ ಇದೊಂದು ಚಿತ್ರದಲ್ಲಿ ಧಾರಾಳವಾಗಿ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ.

ಆಮೇಲೆ ‘ಮಲ್ಹಾಲ್ಯಾಂಡ್ ಡ್ರೈವ್’ (2001). ಡೇವಿಡ್ ಲಿಂಚ್ ಇದನ್ನು ಮೊದಲು ಟಿವಿ ಸರಣಿಯ ಪೈಲಟ್ (ಮಾದರಿ ಕಂತು) ಆಗಿ ಮಾಡಿದ್ದು, ಎಬಿಸಿ ವಾಹಿನಿ ಬೇಡವೆಂದಿತು. ಫ್ರಾನ್ಸಿನ ಹಣದಿಂದ ಮತ್ತಷ್ಟು ಚಿತ್ರೀಕರಿಸಿ ಸಿನಿಮಾ ಮಾಡಿದರು. ಮೊದಲರ್ಧದಲ್ಲಿ ಬಂದು ಹಾಗೇ ಕಾಣೆಯಾಗುವ ಕೆಲವು ಪಾತ್ರಗಳು ಸರಣಿಗೆಂದು ಬಿತ್ತಿದ ಬೀಜಗಳು. ನೀವು ಬಿಟ್ಟ ಜಾಗದಲ್ಲಿ ಗೊಂದಲವಾದದ್ದು ಸಹಜ.

‘ಲೂಸಿಯಾ’ (2013) ನೋಡಿದ್ದರೆ ನಿಮ್ಮ ಬಳಿ ಅರ್ಧ ಕೀಲಿ ಇದ್ದಂತೆ. ಅಲ್ಲಿ ಎರಡು ಬದುಕು, ಒಂದು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸು ಎಂದು ನಾವೇ ಲೆಕ್ಕ ಹಾಕಬೇಕು. ಲಿಂಚ್ ಆ ಬಣ್ಣದ ಸಹಾಯವನ್ನೂ ಕೊಡುವುದಿಲ್ಲ. ಡಿವಿಡಿಯ ಜೊತೆ ಹತ್ತು ಸುಳಿವುಗಳ ಚೀಟಿ ಇಟ್ಟಿದ್ದರು. ತೆರೆಯ ಮೇಲೆ ಹೆಸರುಗಳು ಬರುವ ಮೊದಲೇ ಕನಿಷ್ಠ ಎರಡು ಸುಳಿವು ಇವೆ ಎಂಬುದು ಅದರಲ್ಲಿ ಮೊದಲನೆಯದು. ಅಲ್ಲಿ ಜೋಡಿಗಳ ಕುಣಿತ ಮುಗಿದ ಮೇಲೆ, ಉಸಿರಾಟದ ಸದ್ದಿನೊಂದಿಗೆ ಕ್ಯಾಮೆರಾ ನಿಧಾನವಾಗಿ ಒಂದು ದಿಂಬಿನ ಮೇಲೆ ಇಳಿಯುತ್ತದೆ. ಬಹುಪಾಲು ಜನ ಆಗ ಇನ್ನೂ ರಿಮೋಟ್ ಹುಡುಕುತ್ತಿರುತ್ತಾರೆ. ದಿಂಬಿಗೆ ತಲೆ ಇಟ್ಟವರಿಗೆ ಏನಾಗುತ್ತದೆ ಎಂದು ಕೇಳಿಕೊಂಡು ಮುಂದೆ ಹೋಗಿ. ನೀಲಿ ಡಬ್ಬ ತೆರೆದ ಮೇಲೆ ಅದೇ ನಟಿಯರು ಬೇರೆ ಹೆಸರಿನಲ್ಲಿ ಬರುತ್ತಾರೆ. ಆಗ ಗಾಬರಿಯಾಗಿ ನಿಲ್ಲಿಸಬೇಡಿ, ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಟ್ಟು 147 ನಿಮಿಷ. ಮುಗಿದ ಮೇಲೆ ವಿವರಣೆಯ ವಿಡಿಯೊ ಹುಡುಕುವ ಬದಲು ಚಿತ್ರದ ಮೊದಲ ಐದು ನಿಮಿಷವನ್ನು ಮತ್ತೊಮ್ಮೆ ಹಾಕಿ ನೋಡಿ.