ಚಿತ್ರಗಾರನೂ ಓದುಗನೇ

ಮಾನ್ಯರೇ,

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಹಳೆಯ ಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಹಾಕಿದ್ದು ನಿಮಗೆ ಹಿಡಿಸಿಲ್ಲ. ಗೌನು, ಟೋಪಿ, ಪ್ರಣಯದ ಭಂಗಿಗಳೆಲ್ಲ ಸೇರಿ ಬರಹದ ಮೊನಚನ್ನು ಮೊಂಡು ಮಾಡುತ್ತವೆ, ಬಲ್ಲ ಓದುಗರಿಗೆ ಚಿತ್ರಗಳ ಹಂಗೇಕೆ ಎಂದು ಕೇಳಿದ್ದೀರಿ.

ನಿಮ್ಮ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾಯಕಿ ಎಲಿಜಬೆತ್‌ಳ ತಾಯಿ ಶ್ರೀಮತಿ ಬೆನೆಟ್ ನೃತ್ಯಕೂಟದ ಲೇಸಿನ ವರ್ಣನೆಗೆ ತೊಡಗಿದೊಡನೆ ಆಸ್ಟಿನ್ ಆಕೆಯ ಗಂಡನ ಬಾಯಿಂದಲೇ ಅದನ್ನು ತಡೆಸುತ್ತಾರೆ. 1813ರ ಮೊದಲ ಮುದ್ರಣದಲ್ಲಿ ಚಿತ್ರಗಳೂ ಇರಲಿಲ್ಲ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಚಿತ್ರಪ್ರದರ್ಶನಕ್ಕೆ ಹೋದ ಲೇಖಕಿ ಅಲ್ಲಿ ತಮ್ಮ ಪಾತ್ರಗಳನ್ನೇ ಹುಡುಕಿದರು. ಹಸಿರು ಅಲಂಕಾರದ ಬಿಳಿ ಗೌನು ತೊಟ್ಟ ಭಾವಚಿತ್ರವೊಂದರಲ್ಲಿ ಶ್ರೀಮತಿ ಬಿಂಗ್ಲಿ (ಮದುವೆಯ ನಂತರದ ಜೇನ್, ಎಲಿಜಬೆತ್‌ಳ ಅಕ್ಕ) ಸಿಕ್ಕಳೆಂದೂ, ಶ್ರೀಮತಿ ಡಾರ್ಸಿ (ಮದುವೆಯ ನಂತರದ ಎಲಿಜಬೆತ್) ಹಳದಿ ಉಡುಪಿನಲ್ಲಿರಬಹುದೆಂದೂ ಅಕ್ಕ ಕಸ್ಸಾಂಡ್ರಾಗೆ ಬರೆದರು. ಸೃಷ್ಟಿಸಿದವರಿಗೇ ಕಣ್ಣಾರೆ ಕಾಣುವ ಹಂಬಲವಿದ್ದಾಗ ಓದುಗರಿಗೆ ಅದು ಸಲ್ಲದೆಂದರೆ ಹೇಗೆ?

ಉಡುಪನ್ನು ಕ್ಷುಲ್ಲಕವೆಂದು ನೀವು ತಳ್ಳಿಹಾಕಿದ್ದು ನನಗೆ ನಿಜಕ್ಕೂ ನೋವು ತಂದಿತು. ಕಾಯಿಲೆ ಬಿದ್ದ ಅಕ್ಕನನ್ನು ನೋಡಲು ಮೂರು ಮೈಲಿ ನಡೆದು ಬಂದ ಎಲಿಜಬೆತ್‌ಳ ಒಳಲಂಗಕ್ಕೆ ಆರು ಅಂಗುಲ ಕೆಸರು ಮೆತ್ತಿರುತ್ತದೆ. ಬಿಂಗ್ಲಿಯ ಸೋದರಿಯರು ಅವಳ ಅಂತಸ್ತನ್ನು ಅಳೆಯುವುದು ಆ ಕೆಸರಿನಿಂದಲೇ. ಆಸ್ಟಿನ್ ಅವರದೇ ಇನ್ನೊಂದು ಕಾದಂಬರಿ ‘ನಾರ್ಥ್ಯಾಂಗರ್ ಅಬ್ಬೆ’ಯ ಹೆನ್ರಿ ಟಿಲ್ನಿ, ತಂಗಿಗಾಗಿ ಗಜಕ್ಕೆ ಐದೇ ಶಿಲಿಂಗಿನಂತೆ ಅಸಲಿ ಇಂಡಿಯಾ ಮಸ್ಲಿನ್ ಕೊಂಡೆನೆಂದು ಹೇಳಿಕೊಂಡು ಹಿರಿಯ ಹೆಂಗಸಿನ ಮೆಚ್ಚುಗೆ ಗಳಿಸುತ್ತಾನೆ.

ಇಂಗ್ಲೆಂಡಿನಲ್ಲಿ ಈ ಕಾದಂಬರಿ ಚಿತ್ರಸಹಿತ ಬಂದದ್ದು 1833ರಲ್ಲಿ, ಬೆಂಟ್ಲಿ ಪ್ರಕಾಶನದಿಂದ. ಪಿಕರಿಂಗ್ ಎಂಬ ಕಲಾವಿದ ಎಲಿಜಬೆತ್‌ಗೆ ತನ್ನ ಕಾಲದ ಬುಗ್ಗೆತೋಳಿನ ಉಡುಪು ತೊಡಿಸಿದ; ಎದೆಯ ಕೆಳಗೇ ನಡುಪಟ್ಟಿ ಬರುವ ಆಸ್ಟಿನ್ ಕಾಲದ ‘ರೀಜೆನ್ಸಿ’ ಗೌನು ಅಲ್ಲಿ ಕಾಣುವುದಿಲ್ಲ. ಇದನ್ನು ತಪ್ಪೆಂದು ಬದಿಗಿಡುವ ಮೊದಲು ಅವನು ಮುಖಚಿತ್ರಕ್ಕೆ ಆರಿಸಿಕೊಂಡ ಸನ್ನಿವೇಶವನ್ನು ಗಮನಿಸಿ: ತಂಗಿ ಲಿಡಿಯಾಳಿಗಾಗಿ ನಾಯಕ ಡಾರ್ಸಿ ಮಾಡಿದ ಉಪಕಾರವನ್ನು ಎಲಿಜಬೆತ್ ತಂದೆಗೆ ತಿಳಿಸುತ್ತಿದ್ದಾಳೆ. ಪ್ರಣಯದ ಕಥೆಗೆ ನಾಯಕನೇ ಇಲ್ಲದ ಮುಖಚಿತ್ರ! ಅಲ್ಲಿ ಒಬ್ಬ ಓದುಗ ಕೂತು ಯೋಚಿಸಿದ್ದಾನೆ.

1894ರ ನವಿಲಿನ ಹೊದಿಕೆಯ ಆವೃತ್ತಿಗೆ ಹ್ಯೂ ಥಾಮ್ಸನ್ ನೂರಕ್ಕೂ ಹೆಚ್ಚು ರೇಖಾಚಿತ್ರ ಬರೆದರು. ಕೇಂಬ್ರಿಜ್ಜಿನ ಚಿತ್ರಕಾರರಾದ ಬ್ರಾಕ್ ಸೋದರರಂತೂ ಆಸ್ಟಿನ್ ಕಾಲದ ಉಡುಪು, ಪೀಠೋಪಕರಣಗಳನ್ನೇ ಸಂಗ್ರಹಿಸಿ, ಮನೆಯವರಿಗೆ ತೊಡಿಸಿ, ಎದುರಿಗೆ ನಿಲ್ಲಿಸಿಕೊಂಡು ಬರೆದರು. ಇಷ್ಟು ಶ್ರಮದ ಚಿತ್ರಗಳನ್ನು ಇಂದು ಅಗ್ಗದ ಮರುಮುದ್ರಣಗಳು ಕಲಾವಿದರ ಹೆಸರಿಲ್ಲದೆ ಬಳಸುತ್ತವೆ. ಕೆಲವರು ಮೂಲೆಯ ಸಹಿಯನ್ನೂ ಕತ್ತರಿಸುತ್ತಾರೆ. ನಮ್ಮಲ್ಲೂ ಕತೆಗೆ ಚಿತ್ರ ಬರೆದವರ ಹೆಸರು ಬಿಟ್ಟುಹೋದರೆ ಕೇಳುವವರು ವಿರಳ. ನಿಮ್ಮಂಥ ಸೂಕ್ಷ್ಮ ಓದುಗರು ಪ್ರತಿಭಟಿಸಬೇಕಾದದ್ದು ಇದನ್ನು. ಮುಂದಿನ ಸಂಚಿಕೆಯಲ್ಲಿ ಬ್ರಾಕ್ ಸೋದರರ ಚಿತ್ರಗಳು ಹೆಸರು, ಇಸವಿಗಳ ಸಮೇತ ಬರಲಿವೆ.